ನೀರನ್ನು ಒಡೆಯಲು ಯಾವ ಕಡ್ಡಿ, ಯಾವ ಸೋಡಾ, ಯಾವ ಬ್ಯಾಟರಿ?

ವಿಜ್ಞಾನ ವಸ್ತುಪ್ರದರ್ಶನ ಹತ್ತಿರ ಬಂತು ಅಂದರೆ ನನ್ನ ಫೋನಿಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. "ಸರ್, ನೀರಿಗೆ ಉಪ್ಪು ಹಾಕಲಾ, ಸೋಡಾ ಹಾಕಲಾ?" "ಪೆನ್ಸಿಲ್ ಸಾಕಾ, ಸ್ಟೀಲ್ ಚಮಚ ಇಡಲಾ?" "ಮೊಬೈಲ್ ಚಾರ್ಜರ್ ಆಗುತ್ತಾ?" ಕೇಳುವವರು ಎಂಟರಿಂದ ಹತ್ತನೇ ತರಗತಿಯ ಮಕ್ಕಳು. ಕೆಲವು ಸಲ ಅವರ ಅಪ್ಪ-ಅಮ್ಮ. ಕೆಲವು ಸಲ ಲ್ಯಾಬ್ ಇಲ್ಲದ ಶಾಲೆಯ ಮೇಷ್ಟ್ರು. ವಿದ್ಯುತ್ ಹಾಯಿಸಿ ನೀರನ್ನು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಒಡೆಯುವ ಪ್ರಯೋಗ ಅಷ್ಟು ಜನಪ್ರಿಯ. ಅಂತರ್ಜಾಲದಲ್ಲಿ ನೂರಾರು ವಿಡಿಯೋ ಇವೆ. ಒಬ್ಬರು ಉಪ್ಪು ಅನ್ನುತ್ತಾರೆ, ಇನ್ನೊಬ್ಬರು ಆ್ಯಸಿಡ್ ಅನ್ನುತ್ತಾರೆ. ಮಕ್ಕಳಿಗೆ ಗೊಂದಲ ಆಗದೆ ಇರುತ್ತಾ?

ಹಲವು ವರ್ಷಗಳ ಹಿಂದೆ ನಾನು ತೀರ್ಪುಗಾರನಾಗಿ ಹೋಗಿದ್ದ ಒಂದು ಪ್ರದರ್ಶನದಲ್ಲಿ ಇಬ್ಬರು ಹುಡುಗಿಯರು ಈ ಪ್ರಯೋಗ ಇಟ್ಟಿದ್ದರು. ಗಾಜಿನ ಬಟ್ಟಲು, ಎರಡು ಸ್ಟೀಲ್ ಚಮಚ, ಮೂರು ಚಮಚ ಅಡುಗೆ ಉಪ್ಪು, ಹನ್ನೆರಡು ವೋಲ್ಟ್ ಅಡಾಪ್ಟರ್. ಗುಳ್ಳೆ ಭರ್ಜರಿಯಾಗಿ ಬರುತ್ತಿತ್ತು. ಆದರೆ ಅರ್ಧ ಗಂಟೆಯಲ್ಲಿ ನೀರು ಹಳದಿ-ಹಸಿರಾಯಿತು, ತಳದಲ್ಲಿ ಕೆಸರಿನಂಥದ್ದು ಕೂತಿತು. ಬ್ಲೀಚಿಂಗ್ ಪೌಡರ್ ವಾಸನೆ ಮೂಗಿಗೆ ಬಡಿಯುತ್ತಿತ್ತು. ಬಗ್ಗಿ ನೋಡಿದ ಒಂದು ಪುಟ್ಟ ಮಗು ಕೆಮ್ಮಲು ಶುರು ಮಾಡಿತು. ಆ ಹುಡುಗಿಯರು ಪಾಪ, "ಇದು ಆಕ್ಸಿಜನ್ ಸರ್" ಅಂತ ಹೇಳುತ್ತಲೇ ಇದ್ದರು. ಅದು ಬಹುಪಾಲು ಕ್ಲೋರಿನ್. ತಪ್ಪು ಅವರದ್ದಲ್ಲ. ಯಾರೂ ಅವರಿಗೆ ಆಯ್ಕೆ ಮಾಡುವ ಬಗೆ ಹೇಳಿಕೊಟ್ಟಿರಲಿಲ್ಲ. ಅವತ್ತಿನಿಂದ ಯಾರು ಕೇಳಿದರೂ ನಾನು ಮೊದಲು ಆಯ್ಕೆಯ ಅಳತೆಗೋಲು ಹೇಳಿ, ಆಮೇಲೆ ಸಾಮಾನಿನ ಪಟ್ಟಿಗೆ ಬರುತ್ತೇನೆ.

ಮೊದಲು ಏನು ನೋಡಬೇಕು

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು: ಪ್ಲಸ್ ಕಡೆ ಏನಾಗುತ್ತದೆ? ಮೈನಸ್ ಕಡೆ ಹೆಚ್ಚು ತಕರಾರಿಲ್ಲ. ಈ ಪ್ರಯೋಗಕ್ಕೆ ಬಳಸುವ ಯಾವ ಲೋಹ ಇಟ್ಟರೂ, ಯಾವ ಸೋಡಾ ಹಾಕಿದರೂ ಅಲ್ಲಿ ಹೈಡ್ರೋಜನ್ನೇ ಬರುತ್ತದೆ. ಪ್ಲಸ್ ಕಡೆ ಹಾಗಲ್ಲ. ಅಲ್ಲಿ ಆಕ್ಸಿಜನ್ ಬರಬೇಕು. ಆದರೆ ಲೋಹ ಕರಗಬಹುದು, ತುಕ್ಕು ಹಿಡಿಯಬಹುದು, ಕ್ಲೋರಿನ್ ಬರಬಹುದು, ಕಾರ್ಬನ್ ಡೈಆಕ್ಸೈಡ್ ಬೆರೆಯಬಹುದು. ನಿಮ್ಮ ಸಾಮಾನಿನ ಆಯ್ಕೆ ಒಳ್ಳೆಯದೋ ಕೆಟ್ಟದೋ ಅಂತ ಗೊತ್ತಾಗುವುದು ಪ್ಲಸ್ ಕಡೆಯಲ್ಲೇ.

ಎರಡನೆಯದು, ಯಾರ ಕೈಯಲ್ಲಿ ಪ್ರಯೋಗ ನಡೆಯುತ್ತದೆ ಅನ್ನುವುದು. ಹನ್ನೆರಡು ವರ್ಷದ ಮಗು ಒಬ್ಬಂಟಿಯಾಗಿ ಮುಟ್ಟುವುದಕ್ಕೂ ಪಿಯು ಲ್ಯಾಬಿನಲ್ಲಿ ಉಪನ್ಯಾಸಕರ ಎದುರು ಮಾಡುವುದಕ್ಕೂ ಬಹಳ ವ್ಯತ್ಯಾಸ.

ಮೂರನೆಯದು, ನೀವು ತೋರಿಸಬೇಕಾದ್ದು ಏನು? ಸುಮ್ನೆ ಗುಳ್ಳೆ ಸಾಕಾ? ಹೈಡ್ರೋಜನ್ ಎರಡಕ್ಕೆ ಆಕ್ಸಿಜನ್ ಒಂದು ಅನ್ನುವ ಪ್ರಮಾಣ ಕಾಣಬೇಕಾ? ಬಣ್ಣ ಬದಲಾಗಬೇಕಾ? ಸೌರಶಕ್ತಿ, ಹಸಿರು ಹೈಡ್ರೋಜನ್ (ಅಂದರೆ ಸೌರಶಕ್ತಿಯಂಥ ವಿದ್ಯುತ್ತಿನಿಂದ ತಯಾರಾದ ಹೈಡ್ರೋಜನ್) ಕಥೆ ಹೇಳಬೇಕಾ? ಒಂದೇ ಜೋಡಣೆ ಇವೆಲ್ಲಕ್ಕೂ ಚೆನ್ನಾಗಿ ಆಗುವುದಿಲ್ಲ.

ಉಳಿದಂತೆ ಸಮಯ ಮತ್ತು ದುಡ್ಡು. ಸಮಯಕ್ಕೆ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಒಂದು ಆಂಪಿಯರ್ ಕರೆಂಟ್ ಒಂದು ನಿಮಿಷ ಹರಿದರೆ ಸುಮಾರು ಏಳೂವರೆ ಮಿಲಿ ಹೈಡ್ರೋಜನ್, ಅದರ ಅರ್ಧದಷ್ಟು ಆಕ್ಸಿಜನ್. ಮನೆಯ ಜೋಡಣೆಯಲ್ಲಿ 200 ಮಿಲಿಆಂಪಿಯರ್ ಹರಿದರೆ ನಿಮಿಷಕ್ಕೆ ಒಂದೂವರೆ ಮಿಲಿ. ಅಂದರೆ ಹತ್ತು ಮಿಲಿ ತುಂಬಲು ಆರೇಳು ನಿಮಿಷ. ತೀರ್ಪುಗಾರರು ನಿಮ್ಮ ಮೇಜಿನ ಮುಂದೆ ಅಷ್ಟು ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ಅವರು ಬರುವ ಮುಂಚೆಯೇ ಒಂದು ಜೊತೆ ತುಂಬಿಸಿಟ್ಟಿರಬೇಕು.

ಎಲೆಕ್ಟ್ರೋಡ್ (ನೀರಿಗೆ ಇಳಿಸುವ ಕಡ್ಡಿ): ಇಲ್ಲೇ ಅರ್ಧ ಪ್ರಯೋಗ ಗೆಲ್ಲುವುದು

1800ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ ತನ್ನ ಬ್ಯಾಟರಿಯ ವಿಷಯವನ್ನು ಲಂಡನ್ನಿಗೆ ಬರೆದು ಕಳಿಸಿದ. ಆ ಸುದ್ದಿ ತಿಳಿದ ಕೆಲವೇ ವಾರಗಳಲ್ಲಿ ವಿಲಿಯಂ ನಿಕೋಲ್ಸನ್ ಮತ್ತು ಆಂಟನಿ ಕಾರ್ಲೈಲ್ ತಾವೂ ಒಂದು ಬ್ಯಾಟರಿ ಕಟ್ಟಿ, ಅದರಿಂದ ನೀರನ್ನು ಒಡೆದರು. ಮೊದಲು ಹಿತ್ತಾಳೆ ತಂತಿ ಇಟ್ಟರು. ಒಂದು ತಂತಿಯಿಂದ ಹೈಡ್ರೋಜನ್ ಬಂತು. ಇನ್ನೊಂದರಿಂದ ಗುಳ್ಳೆಯೇ ಇಲ್ಲ, ತಂತಿ ಕಿಲುಬು ಹಿಡಿದು ಸವೆಯುತ್ತಾ ಹೋಯಿತು. ಆಮೇಲೆ ಪ್ಲಾಟಿನಂ ತಂತಿ ಇಟ್ಟಾಗ ಎರಡೂ ಕಡೆ ಗ್ಯಾಸ್ ಬಂತು. ಇವತ್ತು ತಾಮ್ರದ ವೈರನ್ನೇ ನೀರಿಗೆ ಇಳಿಸುವ ಮಕ್ಕಳಿಗೆ ಆಗುವುದೂ ಇದೇ. ಪ್ಲಸ್ ಕಡೆ ಗುಳ್ಳೆ ಬರದೆ ನೀಲಿ-ಹಸಿರು ಪುಡಿ ಉದುರುತ್ತದೆ. ಕಬ್ಬಿಣದ ಮೊಳೆ ಇಟ್ಟರೆ ಕಂದು ತುಕ್ಕು. ಇವೆರಡನ್ನೂ ಪ್ಲಸ್ ಕಡೆಗೆ ಬಳಸಲೇಬೇಡಿ. ಮೈನಸ್ ಕಡೆ ಮೊಳೆ ಇಟ್ಟರೆ ತೊಂದರೆಯಿಲ್ಲ.

ಸ್ಟೇನ್‌ಲೆಸ್ ಸ್ಟೀಲ್ ನೋಡಲು ಹೊಳಪು, ಗುಳ್ಳೆ ಜಾಸ್ತಿ, ಪ್ರತಿ ಮನೆಯಲ್ಲೂ ಇರುತ್ತದೆ. ಅದಕ್ಕೇ ಅದು ಆಸೆ ಹುಟ್ಟಿಸುತ್ತದೆ. ಆದರೆ ಅದರಲ್ಲಿ ಕ್ರೋಮಿಯಂ ಇದೆ. ಪ್ಲಸ್ ಕಡೆ ಇಟ್ಟಾಗ, ಅದರಲ್ಲೂ ಉಪ್ಪುನೀರಿನಲ್ಲಿ, ಆ ಕ್ರೋಮಿಯಂ ನೀರಿಗೆ ಇಳಿದು ವಿಷಕಾರಿ ರೂಪ ತಾಳಬಹುದು. ನೀರು ಹಳದಿಯಾದರೆ ಅದೇ ಸುಳಿವು. ಅಂಥ ನೀರನ್ನು ಮುಟ್ಟಲೂಬಾರದು, ಗಿಡದ ಬುಡಕ್ಕೆ ಚೆಲ್ಲಲೂಬಾರದು. ನನ್ನ ಪ್ರಕಾರ ಶಾಲೆಯಲ್ಲಿ ಸ್ಟೀಲ್ ಮೈನಸ್ ಕಡೆಗೆ ಮಾತ್ರ.

ಹಾಗಾದರೆ ಪ್ಲಸ್ ಕಡೆ ಏನಿಡಬೇಕು? ಶಾಲೆಗೆ ಗ್ರಾಫೈಟ್. ಅದು ಎರಡು ರೂಪದಲ್ಲಿ ಸಿಗುತ್ತದೆ.

ಪೆನ್ಸಿಲ್ ಎಲ್ಲರಿಗೂ ಗೊತ್ತು. ಎರಡೂ ತುದಿ ಚೂಪು ಮಾಡಿ, ಒಂದು ತುದಿಗೆ ಕ್ಲಿಪ್ ಹಾಕಿ, ಇನ್ನೊಂದನ್ನು ನೀರಿಗೆ ಇಳಿಸಿದರೆ ಆಯಿತು. ಪೆನ್ಸಿಲ್ ಕಡ್ಡಿಯಲ್ಲಿ ಗ್ರಾಫೈಟ್ ಜೊತೆ ಜೇಡಿಮಣ್ಣೂ ಇರುತ್ತದೆ. ಎಚ್‌ಬಿಗಿಂತ 2ಬಿ, 4ಬಿ, 6ಬಿಗಳಲ್ಲಿ ಗ್ರಾಫೈಟ್ ಪಾಲು ಜಾಸ್ತಿ, ಹಾಗಾಗಿ ಕರೆಂಟ್ ಚೆನ್ನಾಗಿ ಹರಿಯುತ್ತದೆ. ಪೆನ್ಸಿಲ್ ಆದಷ್ಟು ಗಿಡ್ಡ ಇರಲಿ. ಇದರ ಕೊರತೆ ಒಂದೇ. ನೀರಿಗೆ ತಾಗುವ ಜಾಗ ಚಿಕ್ಕದು, ಆದ್ದರಿಂದ ಗ್ಯಾಸ್ ನಿಧಾನ.

ಇನ್ನೊಂದು, ಹಳೆಯ ಟಾರ್ಚ್ ಸೆಲ್ಲಿನ ಕಾರ್ಬನ್ ಕಡ್ಡಿ. ಪೆನ್ಸಿಲ್‌ನಷ್ಟೇ ದಪ್ಪ, ಬೆರಳಿನಷ್ಟು ಉದ್ದ, ಮೇಲೆ ಒಂದು ಲೋಹದ ಟೋಪಿ. ನಾವು ಚಿಕ್ಕವರಿದ್ದಾಗ ಇದರಲ್ಲೇ ನೆಲದ ಮೇಲೆ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದೆವು. ಪೆನ್ಸಿಲ್‌ಗಿಂತ ಇದು ಎಷ್ಟೋ ಪಾಲು ಮೇಲು. ಹೊರಮೈ ದೊಡ್ಡದು, ಕರೆಂಟ್ ಜಾಸ್ತಿ, ಗ್ಯಾಸ್ ಬೇಗ. ಆದರೆ ಸೆಲ್ ಒಡೆಯುವುದು ದೊಡ್ಡವರ ಕೆಲಸ. ಒಳಗಿನ ಕಪ್ಪು ಪುಡಿ ಕೈಗೆ, ಬಟ್ಟೆಗೆ ಅಂಟುತ್ತದೆ. ಕೈಗವಸು ಹಾಕಿ, ಪೇಪರ್ ಹಾಸಿ ಬಿಚ್ಚಿ. ಸತು-ಕಾರ್ಬನ್ ಸೆಲ್ ಮಾತ್ರ ಬಿಚ್ಚಬೇಕು. ಆಲ್ಕಲೈನ್ ಸೆಲ್ಲಿನಲ್ಲಿ ಕಾರ್ಬನ್ ಕಡ್ಡಿಯೇ ಇಲ್ಲ, ಒಳಗೆ ಚರ್ಮ ಸುಡುವ ಕ್ಷಾರ ಇದೆ. ಮೊಬೈಲಿನ ಲಿಥಿಯಂ ಬ್ಯಾಟರಿಗೆ ಅಪ್ಪಿತಪ್ಪಿಯೂ ಕೈ ಹಾಕಬೇಡಿ, ಬೆಂಕಿ ಹತ್ತುತ್ತದೆ.

ಗ್ರಾಫೈಟ್‌ಗೂ ಒಂದು ಸಮಸ್ಯೆ ಇದೆ. ಪ್ಲಸ್ ಕಡೆಯ ಕಡ್ಡಿ ನಿಧಾನವಾಗಿ ಸವೆಯುತ್ತದೆ. ಕಪ್ಪು ಪುಡಿ ಉದುರುತ್ತದೆ, ಸ್ವಲ್ಪ ಆಕ್ಸಿಜನ್ ಕಾರ್ಬನ್ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಹಾಗಾಗಿ ಆಕ್ಸಿಜನ್ ಯಾವಾಗಲೂ ಅರ್ಧಕ್ಕಿಂತ ತುಸು ಕಡಿಮೆಯೇ ಕಾಣುತ್ತದೆ. ಪ್ರಮಾಣ ಕರಾರುವಾಕ್ಕಾಗಿ ಬೇಕು ಅನ್ನುವ ಕಾಲೇಜಿನವರಿಗೆ ಪ್ಲಾಟಿನಂ ಎಲೆಕ್ಟ್ರೋಡ್ ಇರುವ ಹಾಫ್‌ಮನ್ ಉಪಕರಣವೇ ಸರಿ. ಎರಡು ಅಳತೆಯ ಗಾಜಿನ ಕೊಳವೆ, ಮೇಲೆ ನಲ್ಲಿ, ನಡುವೆ ನೀರು ತುಂಬುವ ಕೊಳವೆ. ಬೆಲೆ ಜಾಸ್ತಿ, ಒಡೆದರೆ ಕಷ್ಟ. ಶಾಲೆಯ ಕಪಾಟಿನಲ್ಲಿ ಈಗಾಗಲೇ ಇದ್ದರೆ ಬಳಸಿ. ಒಂದು ಪ್ರದರ್ಶನಕ್ಕೋಸ್ಕರ ಕೊಳ್ಳುವುದು ಬೇಡ.

ನೀರಿಗೆ ಏನು ಬೆರೆಸುವುದು

ಬರೀ ಶುದ್ಧ ನೀರಿನಲ್ಲಿ ಕರೆಂಟ್ ಹರಿಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ಏನಾದರೂ ಬೆರೆಸಲೇಬೇಕು.

ಅಡುಗೆ ಉಪ್ಪು ಬೇಡ. ಅದರಲ್ಲಿರುವ ಕ್ಲೋರೈಡ್ ಪ್ಲಸ್ ಕಡೆ ಕ್ಲೋರಿನ್ ಆಗುತ್ತದೆ. ಒಂದಿಷ್ಟು ಗಾಳಿಗೆ ಹೋಗುತ್ತದೆ, ಒಂದಿಷ್ಟು ನೀರಿನಲ್ಲೇ ಬ್ಲೀಚ್ ಆಗಿ ಉಳಿಯುತ್ತದೆ. ಅಗ್ಗ, ಸುಲಭ, ಗುಳ್ಳೆ ಬಹಳ ಅನ್ನುವುದೆಲ್ಲ ನಿಜ. ಆದರೂ ಬೇಡ.

ಅಡುಗೆ ಸೋಡಾ ಸುರಕ್ಷಿತ. ಕೈಗೆ ತಾಗಿದರೂ ಭಯವಿಲ್ಲ. ಐದಾರನೇ ತರಗತಿಯ ಮಕ್ಕಳಿಗೆ ಗುಳ್ಳೆ ತೋರಿಸಲು ಇಷ್ಟು ಸಾಕು. ಆದರೆ ಪ್ಲಸ್ ಕಡೆ ಹುಟ್ಟುವ ಆಮ್ಲ ಸೋಡಾದ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಅದು ಆಕ್ಸಿಜನ್ ಜೊತೆ ಬೆರೆಯುವುದರಿಂದ ಅಳತೆ ಕೆಡುತ್ತದೆ. ಊದುಬತ್ತಿಯ ಕೆಂಡ ಹಿಡಿದು ನೋಡಿದರೆ ಅಂದುಕೊಂಡಷ್ಟು ಉರಿಯುವುದಿಲ್ಲ.

ವಾಷಿಂಗ್ ಸೋಡಾ ನನ್ನ ಮೊದಲ ಆಯ್ಕೆ. ದಿನಸಿ ಅಂಗಡಿಯಲ್ಲಿ ಬಟ್ಟೆ ಸೋಡಾ ಅಂದರೂ ಕೊಡುತ್ತಾರೆ. ಬಟ್ಟೆ ತೊಳೆಯುವ ಪುಡಿ ಬೇರೆ, ಇದು ಬೇರೆ, ಗಮನಿಸಿ. ಅರ್ಧ ಲೀಟರ್ ನೀರಿಗೆ ಎರಡು ಟೀ ಚಮಚ ಸಾಕು. ಕರೆಂಟ್ ಚೆನ್ನಾಗಿ ಹರಿಯುತ್ತದೆ. ಗ್ರಾಫೈಟ್ ಸವೆದು ಬರುವ ಕಾರ್ಬನ್ ಡೈಆಕ್ಸೈಡನ್ನು ಬಹುಪಾಲು ಈ ನೀರೇ ಹೀರಿಕೊಳ್ಳುತ್ತದೆ, ಆದ್ದರಿಂದ ಮೇಲೆ ಕೂಡುವ ಆಕ್ಸಿಜನ್ ಹೆಚ್ಚು ಚೊಕ್ಕ. ಕಣ್ಣಿಗೆ ಸಿಡಿದರೆ ಉರಿಯುತ್ತದೆ, ಹಾಗಾಗಿ ಕನ್ನಡಕ ಇರಲಿ. ಇನ್ನೊಂದು ಮಾತು. ಬೋರ್‌ವೆಲ್ ನೀರು ಗಡಸಾಗಿದ್ದರೆ ವಾಷಿಂಗ್ ಸೋಡಾ ಹಾಕಿದ ಕೂಡಲೇ ಮಜ್ಜಿಗೆ ನೀರಿನ ಹಾಗೆ ಬೆಳ್ಳಗಾಗುತ್ತದೆ. ಪ್ರಯೋಗ ಕೆಟ್ಟಿಲ್ಲ, ನೀರಿನ ಸುಣ್ಣದ ಅಂಶ ಬೇರೆಯಾಗಿದೆ ಅಷ್ಟೆ. ಆದರೆ ಗುಳ್ಳೆ ಸರಿಯಾಗಿ ಕಾಣುವುದಿಲ್ಲ. ಮಳೆನೀರು, ಆರ್‌ಒ ನೀರು, ಇಲ್ಲವೇ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ.

ಬಣ್ಣ ಬೇಕು ಅನ್ನುವವರಿಗೆ ಎಪ್ಸಮ್ ಉಪ್ಪು, ಅಂದರೆ ಮೆಗ್ನೀಷಿಯಂ ಸಲ್ಫೇಟ್. ಹೆಸರಿನಲ್ಲಿ ಉಪ್ಪು ಇದ್ದರೂ ಕ್ಲೋರಿನ್ ಭಯ ಇಲ್ಲ. ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ, ತೋಟ ಇರುವವರ ಮನೆಯಲ್ಲಿ ಇದ್ದರೂ ಇರಬಹುದು. ನಾಲ್ಕು ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಆ ನೀರನ್ನು ಇದಕ್ಕೆ ಬೆರೆಸಿ. ಕರೆಂಟ್ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಅಲುಗಾಡಿಸಬೇಡಿ. ಮೈನಸ್ ಕಡ್ಡಿಯ ಸುತ್ತ ಹಸಿರು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ಪ್ಲಸ್ ಕಡೆ ಕೆಂಪು ಗಾಢವಾಗುತ್ತದೆ. ಮೈನಸ್ ಕಡೆ ಕ್ಷಾರ, ಪ್ಲಸ್ ಕಡೆ ಆಮ್ಲ ಹುಟ್ಟುವುದನ್ನು ಕಣ್ಣಾರೆ ನೋಡಿದ ಹಾಗೆ. ಕಡೆಗೆ ನೀರನ್ನು ಕದಡಿದರೆ ಎರಡೂ ಒಂದಕ್ಕೊಂದು ಸೇರಿ ಬಣ್ಣ ಹೆಚ್ಚುಕಡಿಮೆ ಮೊದಲಿನಂತಾಗುತ್ತದೆ. ನನಗೆ ಬಹಳ ಇಷ್ಟವಾದ ಜೋಡಣೆ ಇದು. ಇದರ ಕೊರತೆ ಅಂದರೆ ಮೈನಸ್ ಕಡೆ ಬಿಳಿ ಪುಡಿ ಕೂರುತ್ತದೆ, ಕಡ್ಡಿಯನ್ನು ಆಗಾಗ ಒರೆಸಬೇಕು. ವಾಷಿಂಗ್ ಸೋಡಾದಲ್ಲಿ ಈ ಬಣ್ಣದಾಟ ಆಗುವುದಿಲ್ಲ, ಏಕೆಂದರೆ ಆ ನೀರು ಮೊದಲೇ ಕ್ಷಾರ.

ಹತ್ತನೇ ತರಗತಿಯ ಪಠ್ಯದಲ್ಲಿ ಇರುವುದು ಕೆಲವೇ ಹನಿ ದುರ್ಬಲ ಸಲ್ಫ್ಯೂರಿಕ್ ಆಮ್ಲ, ಕಾರ್ಬನ್ ಎಲೆಕ್ಟ್ರೋಡ್, ಆರು ವೋಲ್ಟ್ ಬ್ಯಾಟರಿ. ಅದು ಒಳ್ಳೆಯ ಜೋಡಣೆಯೇ. ಲ್ಯಾಬ್ ಇದ್ದು, ಮೇಷ್ಟ್ರು ಆಮ್ಲವನ್ನು ತಾವೇ ತೆಳು ಮಾಡಿ ಕೊಡುವುದಾದರೆ ಧಾರಾಳವಾಗಿ ಮಾಡಿ. ಯಾವತ್ತೂ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ. ಗ್ಯಾರೇಜಿನಿಂದ ಬ್ಯಾಟರಿ ಆ್ಯಸಿಡ್ ತಂದು ಮನೆಯಲ್ಲಿ ಮಾಡುವುದು ಬೇಡ. ಅದು ಬಟ್ಟೆಯನ್ನು, ಚರ್ಮವನ್ನು ಸುಡುವಷ್ಟು ಗಾಢ. ಕಾಸ್ಟಿಕ್ ಸೋಡಾಕ್ಕೂ ಇದೇ ಮಾತು. ದೊಡ್ಡ ಕಾರ್ಖಾನೆಗಳಲ್ಲಿ ಅದರದೇ ಜಾತಿಯ ಪೊಟ್ಯಾಷಿಯಂ ಹೈಡ್ರಾಕ್ಸೈಡನ್ನು ನಿಕ್ಕಲ್ ಎಲೆಕ್ಟ್ರೋಡ್ ಜೊತೆ ಬಳಸುತ್ತಾರೆ, ಆದರೆ ಶಾಲೆಯ ಮೇಜಿಗೆ ಅದು ತಕ್ಕದ್ದಲ್ಲ.

ಕರೆಂಟ್ ಎಲ್ಲಿಂದ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗೋಡೆಯ ಸಾಕೆಟ್ಟಿನಿಂದ ನೇರವಾಗಿ ವೈರ್ ಎಳೆಯಬಾರದು. ಜೀವಕ್ಕೆ ಅಪಾಯ.

ನೀರು ಒಡೆಯಲು ತಾತ್ವಿಕವಾಗಿ 1.23 ವೋಲ್ಟ್ ಸಾಕು. ಗ್ರಾಫೈಟ್ ಕಡ್ಡಿ ಇಟ್ಟರೆ ನಿಜದಲ್ಲಿ ಎರಡು ವೋಲ್ಟಿನ ಆಸುಪಾಸು ಬೇಕು. ಒಂದು ಟಾರ್ಚ್ ಸೆಲ್ ಹಾಕಿ, ಗುಳ್ಳೆ ಕಾಣುವುದಿಲ್ಲ. ಎರಡನೆಯದನ್ನು ಸೇರಿಸಿ, ಬರಲು ಶುರುವಾಗುತ್ತದೆ. ಬೇರೇನೂ ಖರ್ಚಿಲ್ಲದೆ ತೀರ್ಪುಗಾರರ ಗಮನ ಸೆಳೆಯುವ ಪ್ರಯೋಗ ಇದು. ಗ್ಯಾಸ್ ಎಷ್ಟು ಬರುತ್ತದೆ ಅನ್ನುವುದು ಹರಿಯುವ ಕರೆಂಟನ್ನು ಅವಲಂಬಿಸಿದೆ. ವೋಲ್ಟೇಜ್ ಏರಿಸಿದರೆ ಕರೆಂಟೂ ಏರುತ್ತದೆ ನಿಜ, ಆದರೆ ಬೇಕಾದ್ದಕ್ಕಿಂತ ಮೇಲಿನದು ಬಿಸಿಯಾಗಿ ಹೋಗುತ್ತದೆ. ಹನ್ನೆರಡು ವೋಲ್ಟಿನಲ್ಲಿ ನೀರು ಬಿಸಿಯಾಗುತ್ತದೆ, ಕಡ್ಡಿ ಬೇಗ ಸವೆಯುತ್ತದೆ. ಮೂರರಿಂದ ಆರು ವೋಲ್ಟ್ ಹದ.

ಚೌಕದ ಒಂಬತ್ತು ವೋಲ್ಟ್ ಬ್ಯಾಟರಿ ಚಿಕ್ಕದು, ಚೊಕ್ಕ. ಹತ್ತು ನಿಮಿಷದ ಪ್ರಯೋಗಕ್ಕೆ ಸರಿ. ಇಡೀ ದಿನದ ಪ್ರದರ್ಶನಕ್ಕೆ ಅಲ್ಲ, ಮಧ್ಯಾಹ್ನದ ಊಟಕ್ಕೂ ಮುಂಚೆ ಸುಸ್ತಾಗುತ್ತದೆ. ಅದೇ ದುಡ್ಡಿಗೆ ನಾಲ್ಕು ಟಾರ್ಚ್ ಸೆಲ್ ಸಾಲಾಗಿ ಜೋಡಿಸಿದರೆ ಆರು ವೋಲ್ಟ್, ಬಾಳಿಕೆಯೂ ಹೆಚ್ಚು. ಮಕ್ಕಳ ಕೈಗೆ ಕೊಡಲು ಇದಕ್ಕಿಂತ ಒಳ್ಳೆಯದಿಲ್ಲ.

ಮೊಬೈಲ್ ಚಾರ್ಜರ್ ಐದು ವೋಲ್ಟ್ ಕೊಡುತ್ತದೆ. ಹಳೆಯ ಯುಎಸ್‌ಬಿ ಕೇಬಲ್ ಕತ್ತರಿಸಿದರೆ ಸಾಮಾನ್ಯವಾಗಿ ಕೆಂಪು ಪ್ಲಸ್, ಕಪ್ಪು ಮೈನಸ್. ಮಲ್ಟಿಮೀಟರಿನಲ್ಲಿ ಒಮ್ಮೆ ನೋಡಿಕೊಳ್ಳಿ. ದಿನವಿಡೀ ನಡೆಯುತ್ತದೆ, ಸೆಲ್ ಖರ್ಚಿಲ್ಲ. ಆದರೆ ಒಳ್ಳೆಯ ಚಾರ್ಜರ್ ಆಗಿರಬೇಕು. ಫುಟ್‌ಪಾತಿನ ಅಗ್ಗದ ಚಾರ್ಜರ್‌ಗಳಲ್ಲಿ ಗೋಡೆಯ ವಿದ್ಯುತ್ತನ್ನು ಬೇರೆಯಾಗಿಡುವ ಒಳಗಿನ ವ್ಯವಸ್ಥೆ ಸರಿಯಿಲ್ಲದಿದ್ದರೆ ಮನೆಯ ವಿದ್ಯುತ್ ನೀರಿನ ತನಕ ಬರಬಹುದು. ಅನುಮಾನ ಇದ್ದರೆ ಪವರ್ ಬ್ಯಾಂಕ್ ಬಳಸಿ, ಅದಕ್ಕೆ ಗೋಡೆಯ ಸಂಬಂಧವೇ ಇಲ್ಲ. ಕೆಲವು ಪವರ್ ಬ್ಯಾಂಕ್‌ಗಳು ಕರೆಂಟ್ ಕಡಿಮೆ ಎಳೆದರೆ ತಾವೇ ಆಫ್ ಆಗುತ್ತವೆ, ಹಿಂದಿನ ದಿನವೇ ಪರೀಕ್ಷಿಸಿ. ಬೈಕಿನ ಬ್ಯಾಟರಿ ಬೇಡ. ವೈರ್ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ, ಪಕ್ಕದಲ್ಲೇ ಹೈಡ್ರೋಜನ್ ಇರುತ್ತದೆ.

ಹಸಿರು ಹೈಡ್ರೋಜನ್ ವಿಷಯ ಆರಿಸಿದವರಿಗೆ ಆರು ವೋಲ್ಟಿನ ಚಿಕ್ಕ ಸೋಲಾರ್ ಪ್ಯಾನೆಲ್. ಭಾರತ ಸರ್ಕಾರ 2023ರ ಜನವರಿಯಲ್ಲಿ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ತಯಾರಿಸುವ ಗುರಿ ಇಟ್ಟುಕೊಂಡಿತ್ತು. ಒಂದು ಕಿಲೋ ಹೈಡ್ರೋಜನ್ನಿಗೆ ಒಂಬತ್ತು ಕಿಲೋ ನೀರು, ಐವತ್ತು ಯೂನಿಟ್ಟಿಗೂ ಮೇಲೆ ವಿದ್ಯುತ್ ಬೇಕಾಗುತ್ತದೆ. ಆ ವಿದ್ಯುತ್ ಎಲ್ಲಿಂದ ಬರುತ್ತದೆ ಅನ್ನುವುದೇ ಇಡೀ ವಿಷಯದ ತಿರುಳು. ಪ್ಯಾನೆಲ್ ಮೇಲೆ ಕೈ ಅಡ್ಡ ಹಿಡಿದರೆ ಗುಳ್ಳೆ ನಿಲ್ಲುತ್ತದೆ, ಕೈ ತೆಗೆದರೆ ಮತ್ತೆ ಏಳುತ್ತದೆ. ಮಕ್ಕಳು ಇದನ್ನು ಹತ್ತು ಸಲ ಮಾಡಿ ನೋಡುತ್ತಾರೆ. ಕಷ್ಟ ಒಂದೇ, ಕೋಣೆಯ ಟ್ಯೂಬ್‌ಲೈಟಿಗೆ ಇದು ನಡೆಯುವುದಿಲ್ಲ. ಬಿಸಿಲು ಬೀಳುವ ಜಗುಲಿಯಲ್ಲಿ ಮೇಜು ಕೇಳಿ ಪಡೆಯಿರಿ. ಮೋಡದ ದಿನಕ್ಕೆ ನಾಲ್ಕು ಸೆಲ್ ಜೇಬಿನಲ್ಲಿರಲಿ.

ಪಿಇಎಂ ಅನ್ನುವ, ಅಂದರೆ ಎರಡು ಎಲೆಕ್ಟ್ರೋಡ್‌ಗಳ ನಡುವೆ ಕರೆಂಟ್ ಹಾಯಿಸುವ ತೆಳು ಪೊರೆ ಇರುವ, ಸಿದ್ಧ ಕಿಟ್‌ಗಳೂ ಮಾರಾಟಕ್ಕಿವೆ. ಏನೂ ಬೆರೆಸದ ಡಿಸ್ಟಿಲ್ಡ್ ವಾಟರ್ ಸಾಕು, ಗ್ಯಾಸ್ ಚೊಕ್ಕ. ನಲ್ಲಿ ನೀರು ಹಾಕಿದರೆ ಒಳಗಿನ ಪೊರೆ ಹಾಳಾಗುತ್ತದೆ. ಬೆಲೆ ಸಾವಿರಗಳ ಲೆಕ್ಕ. ಪ್ರತಿ ವರ್ಷ ಬಳಸುವ ಶಾಲೆಗೆ ಆದೀತು. ಒಂದು ಮಗುವಿನ ಒಂದು ಪ್ರದರ್ಶನಕ್ಕೆ ಬೇಡ, ಕೈಯಾರೆ ಕಟ್ಟುವ ಖುಷಿ ಅದರಲ್ಲಿ ಇಲ್ಲ.

ನಿಮಗೆ ಯಾವುದು

ಪ್ರಾಥಮಿಕ ಶಾಲೆಯ ಮಗು, ಗುಳ್ಳೆ ಕಂಡರೆ ಸಾಕು: ಎರಡು ಪೆನ್ಸಿಲ್, ಅಡುಗೆ ಸೋಡಾ, ಸೆಲ್‌ಗಳು. ಎಲ್ಲವೂ ಮನೆಯಲ್ಲೇ ಇರುತ್ತದೆ.

ಹೈಸ್ಕೂಲು, ಎರಡಕ್ಕೆ ಒಂದು ತೋರಿಸಬೇಕು: ಕಾರ್ಬನ್ ಕಡ್ಡಿ, ವಾಷಿಂಗ್ ಸೋಡಾ, ನಾಲ್ಕು ಸೆಲ್ ಅಥವಾ ಒಳ್ಳೆಯ ಚಾರ್ಜರ್. ಗ್ಯಾಸ್ ಹಿಡಿಯಲು ಔಷಧಿ ಅಂಗಡಿಯ ಹತ್ತು ಮಿಲಿ ಸಿರಿಂಜ್ ಎರಡು. ಸೂಜಿ ಬೇಡ. ಒಳಗಿನ ದಂಡ ತೆಗೆದು, ಮೂತಿಯನ್ನು ಎಂ-ಸೀಲ್‌ನಿಂದ ಮುಚ್ಚಿ. ನೀರಿನಲ್ಲಿ ಮಲಗಿಸಿ ಪೂರ್ತಿ ತುಂಬಿಸಿ, ಮೂತಿ ಮೇಲೆ ಮಾಡಿ ಕಡ್ಡಿಯ ಮೇಲೆ ನಿಲ್ಲಿಸಿ. ಸಿರಿಂಜಿನ ಸೊನ್ನೆ ಮೂತಿಯ ಕಡೆಯೇ ಇರುವುದರಿಂದ ಗ್ಯಾಸ್ ಎಷ್ಟು ಮಿಲಿ ಅಂತ ನೇರವಾಗಿ ಓದಬಹುದು. ಗಾಜಿನ ಪ್ರನಾಳದಲ್ಲಿ ಈ ಅನುಕೂಲ ಇಲ್ಲ.

ಬಣ್ಣ ಬೇಕಾದವರು ಎಪ್ಸಮ್ ಉಪ್ಪು, ದಾಸವಾಳ ಹಿಡಿಯಿರಿ. ಪಿಯು, ಡಿಗ್ರಿಯವರು ಹಾಫ್‌ಮನ್ ಉಪಕರಣ, ದುರ್ಬಲ ಆಮ್ಲಕ್ಕೆ ಹೋಗಿ.

ಗ್ಯಾಸ್ ಪರೀಕ್ಷೆ ದೊಡ್ಡವರು ಮಾಡಲಿ, ಸಣ್ಣ ಗಾಜಿನ ಪ್ರನಾಳದಲ್ಲಿ ಮಾತ್ರ. ಮೊದಲು ಕರೆಂಟ್ ತೆಗೆಯಿರಿ. ಹೈಡ್ರೋಜನ್ ಹಗುರ, ಪ್ರನಾಳದ ಬಾಯಿ ಕೆಳಗೇ ಇರಲಿ. ಕಡ್ಡಿ ಗೀರಿ ಹಿಡಿದರೆ "ಟಪ್" ಅನ್ನುತ್ತದೆ. ಆಕ್ಸಿಜನ್ ಪ್ರನಾಳಕ್ಕೆ ಊದುಬತ್ತಿಯ ಬರೀ ಕೆಂಡ ಇಳಿಸಿ, ಬೂದಿಯೊಳಗಿನ ಕೆಂಪು ಬೆಳ್ಳಗೆ ಹೊಳೆದು ಜ್ವಾಲೆ ಏಳುತ್ತದೆ. ಎರಡೂ ಗ್ಯಾಸನ್ನು ಒಂದೇ ಬಾಟಲಿಯಲ್ಲಿ ಎಂದೂ ಹಿಡಿಯಬೇಡಿ. ಗಾಳಿಯಲ್ಲಿ ಹೈಡ್ರೋಜನ್ ಶೇಕಡಾ 4ರಿಂದ 75ರ ತನಕ ಇದ್ದರೂ ಹೊತ್ತಿಕೊಳ್ಳುತ್ತದೆ. ಆಕ್ಸಿಜನ್ನೇ ಬೆರೆತಿದ್ದರೆ ಬಾಟಲಿ ಸಿಡಿಯುತ್ತದೆ.

ಮೊದಲ ಸಲ ಅಳೆದಾಗ ಹತ್ತಕ್ಕೆ ಐದು ಬರಲಿಲ್ಲ ಅಂತ ಸಾಮಾನು ಬದಲಾಯಿಸಲು ಹೋಗಬೇಡಿ. ಆಕ್ಸಿಜನ್ ನೀರಿನಲ್ಲಿ ಹೈಡ್ರೋಜನ್ನಿಗಿಂತ ಜಾಸ್ತಿ ಕರಗುತ್ತದೆ. ಗುಳ್ಳೆಗಳು ಕಡ್ಡಿಗೂ ಅಂಟಿಕೊಂಡಿರುತ್ತವೆ. ಅದೇ ನೀರಿನಲ್ಲಿ ಕಾಲು ಗಂಟೆ ಸುಮ್ನೆ ಓಡಿಸಿ, ಕಡ್ಡಿಯನ್ನು ಮೆಲ್ಲಗೆ ತಟ್ಟಿ, ಸಿರಿಂಜ್‌ಗಳನ್ನು ಮತ್ತೆ ನೀರು ತುಂಬಿಸಿ ನಿಲ್ಲಿಸಿ, ಆಮೇಲೆ ಅಳೆಯಿರಿ. ಎರಡನೇ ಸಲದ ಅಂಕಿ ಸತ್ಯಕ್ಕೆ ಹತ್ತಿರ ಇರುತ್ತದೆ. ಎರಡೂ ಸಲದ ಅಂಕಿಗಳನ್ನು ಚಾರ್ಟಿನ ಮೇಲೆ ಬರೆಯಿರಿ, ಪಕ್ಕದಲ್ಲಿ ಕಾರಣವನ್ನೂ.